ಎರಡನೆಯ ಸಾಕ್ಷಿ

ಮಾರ್ಚ್ ೪, ಸೋಮವಾರ

ಎಲೈ ಖಾಲಿ ಪುಟವೇ, ಕಿವಿಗೊಟ್ಟು ಕೇಳು. ಮಾತಾಡಿ ಮಾತಾಡಿ ದಣಿದವರ ಮನೆಯಲ್ಲಿ ಮಾತಾಡದೇ ದಣಿದವಳೊಬ್ಬಳು ನಿನ್ನ ಮುಂದೆ ಬಂದು ಕೂತಿದ್ದಾಳೆ.

ಬೆಳಗ್ಗೆ ಹೃದಯದ ಡಾಕ್ಟರು ಅಪ್ಪನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಒಂದು ಜಾಗ ತೋರಿಸಿ, "ಈ ಕವಾಟ ಸರಿಯಾಗಿ ಮುಚ್ತಾ ಇಲ್ಲ" ಅಂದರು.

"ನನ್ನ ಬಾಯಿಯೂ ಹಾಗೇ ಡಾಕ್ಟರೇ. ಹುಟ್ಟಿದಾಗಿನಿಂದ" ಅಂದರು ಅಪ್ಪ.

ಡಾಕ್ಟರು ನಗಲಿಲ್ಲ. ಇಪ್ಪತ್ತೈದನೇ ತಾರೀಕು ಆಪರೇಷನ್ ಅಂತ ಬರೆದು ಚೀಟಿಯನ್ನು ನನ್ನ ಕಡೆ ನೂಕಿದರು. ಚೀಟಿಗಳೆಲ್ಲ ನನ್ನ ಕಡೆಗೇ ಬರುತ್ತವೆ. ನಾನು ಕೈ ಚಾಚುವುದೂ ಬೇಕಾಗಿಲ್ಲ.

ಟ್ಯಾಕ್ಸಿಯಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತಾ, ಹಿಂದಿನ ಸಾಲಿಗೂ ಕೇಳಿಸಬೇಕು ಅನ್ನುವ ಗಂಟಲಲ್ಲಿ ಹೇಳಿದರು: "ವಿಲ್ ಬರೆದಿಡಬೇಕು ಮಗಳೇ. ನಾಟಕ ಮುಗಿದ ಮೇಲೆ ಪೆಟ್ಟಿಗೆ ಯಾರು ಹೊರಬೇಕು ಅಂತ ಹೇಳಿಡದೆ ನಾನು ಯಾವತ್ತೂ ಪರದೆ ಎಬ್ಬಿಸಿದವನಲ್ಲ." ಡ್ರೈವರು ಗಾಬರಿಯಾಗಿ ಗಾಡಿ ನಿಧಾನ ಮಾಡಿದ.

ನಮಗಿರುವುದು ಒಂದು ಕಟ್ಟಡ. ಮೇಲೆ ಮನೆ, ಅಲ್ಲಿ ಅಪ್ಪ ಮತ್ತು ನಾನು. ಕೆಳಗೆ ಅಂಗಡಿ. ಅಪ್ಪನ ನಾಟಕ ಕಂಪನಿ ಮುಚ್ಚಿದ ಮೇಲೆ ಉಳಿದ ಪರದೆ, ಕಿರೀಟ, ಕತ್ತಿ, ಗಡ್ಡ, ಮೀಸೆಗಳನ್ನು ಶಾಲೆಗಳಿಗೂ ಹವ್ಯಾಸಿ ತಂಡಗಳಿಗೂ ಬಾಡಿಗೆಗೆ ಕೊಡುವ ಅಂಗಡಿ. ಬೋರ್ಡಿನ ಮೇಲೆ ಅಪ್ಪನ ಹೆಸರಿದೆ. ಒಳಗೆ ರಾಜರ ಅಂಗಿಗಳ ಬೆವರು ತೊಳೆಯುವವಳು ನಾನು. ಅಣ್ಣನಿಗೆ ಸಿಮೆಂಟಿನ ವ್ಯಾಪಾರ, ತಮ್ಮನಿಗೆ ಕನ್ನಡಕದ ಅಂಗಡಿ. ಇಬ್ಬರೂ ಇದೇ ಊರಿನಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡು, ಹೆಂಡತಿ ಮಕ್ಕಳೊಂದಿಗೆ ಇದ್ದಾರೆ. ಅಮ್ಮ ಹೋಗಿ ಬಹಳ ಕಾಲವಾಯಿತು. ನನಗೆ ಮದುವೆಯಾಗಲಿಲ್ಲ. ಒಂದು ನಾಟಕಕ್ಕೂ ಇನ್ನೊಂದು ನಾಟಕಕ್ಕೂ ನಡುವೆ ಯಾರಿಗೂ ಅದು ನೆನಪಾಗಲಿಲ್ಲ.

ಕಂಪನಿಯಲ್ಲಿ ನಾನು ಪ್ರಾಂಪ್ಟರು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಮೆಲ್ಲಗೆ ಮಾತು ಕೊಡುವವಳು. ಅದಕ್ಕೇ ಇರಬೇಕು, ಬಾಯಿ ಬಿಟ್ಟರೆ ನನಗೆ ಪಿಸುಮಾತು ಬರುತ್ತದೆ, ಪೆನ್ನು ಹಿಡಿದರೆ ಗುಡುಗು.

ನನಗೇನು. ಈ ವಿಲ್ಲಿನ ಕೆಲಸ ಒಂದು ಬೇಗ ಮುಗಿದರೆ ಸಾಕು. ಒಂದು ದಿನ ಕಣ್ತುಂಬ ನಿದ್ದೆ ಮಾಡಬೇಕು.

ಮಾರ್ಚ್ ೬, ಬುಧವಾರ

ಭಳಿರೇ, ವಕೀಲರು ಪ್ರವೇಶಿಸಿದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ದಪ್ಪ ಗಾಜಿನ ಕನ್ನಡಕ, ಭುಜದ ಮೇಲೆ ಫೈಲು ತುಂಬಿದ ಚೀಲ. ಅಪ್ಪನ ವಾಕ್ಯಗಳನ್ನು ಮಧ್ಯದಲ್ಲೇ ನಿಲ್ಲಿಸಬಲ್ಲವರನ್ನು ನಾನು ಮೊದಲ ಸಲ ನೋಡಿದೆ. ಮನಸ್ಸಿನಲ್ಲೇ ಅವರಿಗೆ ಪೂರ್ಣವಿರಾಮ ಅಂತ ಹೆಸರಿಟ್ಟೆ.

ಅಪ್ಪ ಎದ್ದು ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡು ಶುರು ಮಾಡಿದರು. "ಬರೆದುಕೊಳ್ಳಿ. ಆಕಾಶ ಭೂಮಿ ಸೂರ್ಯ ಚಂದ್ರರೇ ಸಾಕ್ಷಿಯಾಗಿ, ರಂಗಭೂಮಿಯ ಧೂಳಿನಲ್ಲಿ ಬೆಳೆದ ನಾನು, ಸ್ವಸ್ಥ ಚಿತ್ತದಿಂದ, ಕಣ್ಣಲ್ಲಿ ನೀರು ತುಂಬಿಕೊಂಡು..."

"ಕಣ್ಣೀರು ಬೇಡ ಸರ್. ಸ್ವಸ್ಥ ಚಿತ್ತ ಇರಲಿ."

"ಸೂರ್ಯ ಚಂದ್ರ?"

"ಅವರು ಬಂದು ಸಹಿ ಹಾಕಲ್ಲ. ನನಗೆ ಇಬ್ಬರು ಮನುಷ್ಯರು ಬೇಕು."

ಅಪ್ಪ ಕುರ್ಚಿಯ ಬೆನ್ನು ತಟ್ಟಿದರು. "ಹೋಗಲಿ. ಇಲ್ಲಿ ಹಿರಿಯ ಮಗ ಬಿಕ್ಕುತ್ತಾನೆ ಅಂತ ಕಂಸದಲ್ಲಿ ಹಾಕಿ."

"ವಿಲ್ಲಿನಲ್ಲಿ ಯಾರೂ ಬಿಕ್ಕೋದಿಲ್ಲ ಸರ್. ಆಸ್ತಿ ಹೇಳಿ."

"ಮನೆಯೂ ಅಂಗಡಿಯೂ ಇಬ್ಬರು ಗಂಡುಮಕ್ಕಳಿಗೆ ಸಮಪಾಲು."

"ಮಗಳಿಗೆ?"

"ಅವಳೆಲ್ಲಿಗೆ ಹೋಗ್ತಾಳ್ರೀ? ಇಲ್ಲೇ ಇರ್ತಾಳೆ. ಅಣ್ಣ ತಮ್ಮ ನೋಡ್ಕೋತಾರೆ."

ವಕೀಲರು ನನ್ನ ಮುಖ ನೋಡಿದರು. ನಾನು ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅವರ ಲೋಟ ಇನ್ನೂ ತುಂಬಿತ್ತು ಅನ್ನುವುದು ತೊಳೆಯುವಾಗ ಗೊತ್ತಾಯಿತು.

ತಿರುಗಿ ಬರುವಷ್ಟರಲ್ಲಿ ಸಾಕ್ಷಿಗಳ ಮಾತು ನಡೆದಿತ್ತು. "ಒಬ್ಬರು ಎದುರಿನ ಹಲ್ಲಿನ ಡಾಕ್ಟರು. ಎರಡನೆಯವಳು ನನ್ನ ಮಗಳು" ಅಂದರು ಅಪ್ಪ. ವಕೀಲರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಮನೆ ನಡುಗುವಂತೆ ಹೇಳಿದರು: "ಸಾಕ್ಷಿ ಅಂದರೆ ಸಣ್ಣ ಪಾತ್ರ ಅಂದ್ಕೋಬೇಡ ಮಗಳೇ. ಎಲ್ಲ ನೋಡಿದವಳು, ಎಲ್ಲ ಬಲ್ಲವಳು. ನಿನ್ನ ಸಹಿ ಇಲ್ಲದೆ ಈ ಕಾಗದಕ್ಕೆ ಜೀವವಿಲ್ಲ." ವಕೀಲರ ಫೋನು ಹೊಡೆದುಕೊಂಡಿತು, ಆಮೇಲೆ ಮಾತಾಡ್ತೀನಿ ಅಂತ ಕೈಸನ್ನೆ ಮಾಡಿ ಮೆಟ್ಟಿಲಿಳಿದರು.

ಸುಳ್ಳೇಕೆ ಬರೆಯಲಿ, ನನಗೆ ಖುಷಿಯಾಯಿತು. ಸಂಜೆಯವರೆಗೆ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಮಾರ್ಚ್ ೮, ಶುಕ್ರವಾರ

ಶಾಲೆಗಳ ವಾರ್ಷಿಕೋತ್ಸವದ ಕಾಲ. ಬೆಳಗ್ಗೆ ಒಬ್ಬ ಟೀಚರು ಬಂದು ಇಪ್ಪತ್ತು ಮಂತ್ರಿಗಳ ವೇಷ ಬೇಕು ಅಂದರು.

"ಒಂದು ರಾಜ್ಯಕ್ಕೆ ಇಪ್ಪತ್ತು ಮಂತ್ರಿಗಳಾ ಟೀಚರ್?"

"ಏನ್ ಮಾಡೋದು ಮೇಡಂ, ಎಲ್ಲ ಮಕ್ಕಳಿಗೂ ಒಂದು ಪಾತ್ರ ಇರಲೇಬೇಕು. ಇಲ್ಲದಿದ್ದರೆ ಅಪ್ಪ ಅಮ್ಮ ನನ್ನ ಜೀವ ತಿಂತಾರೆ."

ಮೀಸೆಗಳು ಸಾಲಲಿಲ್ಲ. ನಾಲ್ಕು ಮಂತ್ರಿಗಳು ಬೋಳು ಮುಖದಲ್ಲೇ ರಾಜ್ಯಭಾರ ಮಾಡಲಿ ಅಂದೆ. ಟೀಚರು ಒಪ್ಪಿದರು.

ಮೇಲಿನಿಂದ ಅಪ್ಪನ ಗಂಟೆ. ಹಾಸಿಗೆಯ ಪಕ್ಕದಲ್ಲಿ ನಾಟಕದ ಗಂಟೆಯನ್ನೇ ಇಟ್ಟುಕೊಂಡಿದ್ದಾರೆ, ಹಿಂದೆ ಪರದೆ ಏಳಿಸಲು ಬಾರಿಸುತ್ತಿದ್ದ ಹಿತ್ತಾಳೆಯ ಗಂಟೆ. ನೀರು ಬೇಕು. ಇಳಿದು ಬಂದೆ. ಮತ್ತೆ ಗಂಟೆ. ಕಿಟಕಿ ಮುಚ್ಚಬೇಕು. ಇಳಿದೆ. ಗಂಟೆ. ಕಿಟಕಿ ತೆರೆಯಬೇಕು. ಮಂಡಿ ಎರಡೂ ಬೆಂಕಿ.

ಇವತ್ತಿಗೆ ಇಷ್ಟೇ.

ಮಾರ್ಚ್ ೧೦, ಭಾನುವಾರ

ಲೋಕದ ಯಾವ ಮನೆಯಲ್ಲೂ ನಡೆಯದ್ದು ಇಂದು ನಮ್ಮ ಮನೆಯಲ್ಲಿ ನಡೆಯಿತು. ಅಪ್ಪ ತಮ್ಮ ಸಾವಿನ ಮಾರನೆಯ ದಿನದ ತಾಲೀಮು ಮಾಡಿಸಿದರು.

"ತಾಲೀಮಿಲ್ಲದೆ ನಾನು ಯಾವ ನಾಟಕವನ್ನೂ ಆಡಿಸಿದವನಲ್ಲ. ನಾಳೆ ವಿಲ್ ಓದಿದ ಮೇಲೆ ನೀವು ಹೇಗೆ ನಡ್ಕೋತೀರಿ ಅಂತ ನಾನು ನೋಡಬೇಕು. ಆವತ್ತು ನೋಡೋಕೆ ನಾನಿರಲ್ಲ. ಅದಕ್ಕೇ ಇವತ್ತು."

ಅಣ್ಣ, ಅತ್ತಿಗೆ, ತಮ್ಮ ಮೂವರೂ ಬಂದಿದ್ದರು. ತಮ್ಮನ ಹೆಂಡತಿ ತಲೆನೋವು ಅಂತ ಜಾಣತನ ಮಾಡಿ ತಪ್ಪಿಸಿಕೊಂಡಿದ್ದಳು. ಅಪ್ಪ ಆರಾಮಕುರ್ಚಿಯಲ್ಲಿ ಒರಗಿ ಮುಖದ ಮೇಲೆ ಶಾಲು ಎಳೆದುಕೊಂಡರು. ಅಣ್ಣ, "ಅಪ್ಪ, ಇದೆಲ್ಲ ಯಾಕೆ ಈಗ" ಅಂದ.

ಶಾಲಿನೊಳಗಿಂದ ಧ್ವನಿ ಬಂತು. "ನಾನು ಸತ್ತಿದ್ದೀನಿ. ನನ್ನ ಹತ್ತಿರ ಮಾತಾಡಬೇಡ."

"ನಾನೆಲ್ಲಿ ನಿಲ್ಲಲಿ ಅಪ್ಪ?" ಅಂದೆ.

"ನೀನು ಪುಸ್ತಕ ಹಿಡ್ಕೋ. ಇವರಿಗೆ ಮಾತು ನೆನಪಿರಲ್ಲ."

ವಿಲ್ಲಿನ ಕರಡು ಹಿಡಿದುಕೊಂಡು ಕಪಾಟಿನ ಪಕ್ಕ ನಿಂತೆ. ಅಣ್ಣ ಗಂಟಲು ಸರಿಮಾಡಿಕೊಂಡು, "ಅಪ್ಪನ ಇಚ್ಛೆಯಂತೆ ಮನೆಯೂ... ಮನೆಯೂ..." ಅಂತ ತಡವರಿಸಿದ.

ನಾನು ಕೊಟ್ಟೆ. "ಮನೆಯೂ ಅಂಗಡಿಯೂ ನಮ್ಮಿಬ್ಬರಿಗೆ ಸಮಪಾಲು."

"ಹಾಂ, ನಮ್ಮಿಬ್ಬರಿಗೆ ಸಮಪಾಲು" ಅಂದ ಅಣ್ಣ.

ತಮ್ಮ ಸಲೀಸಾಗಿ ಪಾತ್ರಕ್ಕಿಳಿದ. ಚಿಕ್ಕಂದಿನಲ್ಲಿ ರಂಗಕ್ಕೆ ನೂಕಿದರೆ ಅಳುತ್ತಿದ್ದವನು, ಇವತ್ತು ಕೈ ಬೀಸಿಕೊಂಡು ಹೇಳಿದ: "ಅಣ್ಣ, ನೇರವಾಗಿ ಮಾತಾಡೋಣ. ಈ ಹಳೇ ಕಟ್ಟಡ ಕಾಪಾಡೋಕೆ ನಮ್ಮ ಕೈಲಾಗಲ್ಲ. ಪಕ್ಕದ ಬಟ್ಟೆ ಅಂಗಡಿಯವರು ಕೇಳ್ತಾನೇ ಇದ್ದಾರೆ. ಕೊಟ್ಟುಬಿಡೋಣ."

ಶಾಲು ಅಲುಗಿತು. "ಈ ಮಾತು ಇದರಲ್ಲಿಲ್ಲ."

"ಅಪ್ಪ, ನೀವು ಸತ್ತಿದ್ದೀರಿ" ಅಂದ ತಮ್ಮ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ಶಾಲಿನೊಳಗೇ ನಕ್ಕು ಕೆಮ್ಮಿದರು.

ನಗು ನಿಂತ ಮೇಲೆ ಅಣ್ಣ ನನ್ನ ಕಡೆ ಬೆರಳು ಮಾಡಿ, "ಇವಳು?" ಅಂದ.

"ಅಕ್ಕ ನಿಮ್ಮಲ್ಲಿ ಆರು ತಿಂಗಳು, ನಮ್ಮಲ್ಲಿ ಆರು ತಿಂಗಳು."

"ಪರದೆ ಗಿರದೆ?"

"ಯಾವುದಾದರೂ ಶಾಲೆಗೆ ಕೊಟ್ಟರಾಯ್ತು."

ಅತ್ತಿಗೆ ನನ್ನ ತೋಳು ಸವರಿ ಹೇಳಿದರು, "ಇವರೇನು ಭಾರಾನಾ? ಒಳ್ಳೇ ಸಹಾಯಾನೇ ಆಗುತ್ತೆ."

ಅಪ್ಪ ಶಾಲು ಸರಿಸಿ ಎದ್ದು ಕೂತರು. ಮಾರುವ ಮಾತು ಅವರಿಗೆ ಹಿಡಿಸಿರಲಿಲ್ಲ. ಮಾರಲ್ಲ ಅಂತ ಇಬ್ಬರಿಂದಲೂ ಮಾತು ತೆಗೆದುಕೊಂಡರು. ಇಬ್ಬರೂ, "ಆಯ್ತಪ್ಪ, ಆಯ್ತಪ್ಪ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ವಿಷಯವೂ ಎಷ್ಟು ಸಲೀಸಾಗಿ ಮುಗೀತು ನೋಡು. ಭಾವ ಸ್ವಲ್ಪ ಕಡಿಮೆ ಆಯ್ತು, ಆದರೆ ಮಾತು ಸ್ಪಷ್ಟ" ಅಂದರು.

ಎಲ್ಲರಿಗೂ ಟೀ ಮಾಡಿದೆ. ತಾಲೀಮು ಚೆನ್ನಾಗಿಯೇ ಆಯಿತು ಅನ್ನಬೇಕು. ನಾನು ಒಂದು ಮಾತನ್ನೂ ತಪ್ಪು ಕೊಡಲಿಲ್ಲ.

ಮಾರ್ಚ್ ೧೧, ಸೋಮವಾರ

ಮೈ ಕೈ ನೋವು. ಬರೆಯುವಂಥದ್ದೇನಿಲ್ಲ.

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಅಂದರೆ ಬಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ಕಪಾಟಿಗೆ ಇಡುವುದೋ, ಪೆಟ್ಟಿಗೆಯಲ್ಲೇ ಬಿಡುವುದೋ. ಕಂಪನಿಯ ಕಾಲದಲ್ಲಿ ಪೆಟ್ಟಿಗೆಯಲ್ಲೇ ಬಿಡುತ್ತಿದ್ದೆವು. ಆಗ ಇಪ್ಪತ್ತು ವರ್ಷ ನನಗೆ.

ಮಾರ್ಚ್ ೧೪, ಗುರುವಾರ

ಗಡ್ಡಗಳಿಗೆ ಬಾಚಣಿಗೆ ಹಾಕುತ್ತಾ ಕೂತಿದ್ದಾಗ ವಕೀಲರು ಫೋನು ಮಾಡಿದರು. ಇಪ್ಪತ್ತನೇ ತಾರೀಕು ಬುಧವಾರ ಬೆಳಗ್ಗೆ ಸಹಿ ಇಟ್ಟುಕೊಳ್ಳೋಣ, ಸ್ವಸ್ಥ ಚಿತ್ತ ಇದೆ ಅನ್ನುವ ಡಾಕ್ಟರ ಸರ್ಟಿಫಿಕೇಟು ಸಿದ್ಧ ಇರಲಿ ಅಂದರು. ಆಯ್ತು ಅಂದೆ. ಫೋನು ಇಡಲಿಲ್ಲ ಅವರು.

"ಎರಡನೆಯ ಸಾಕ್ಷಿ ನೀವೇನಾ?"

"ಹೌದು."

"ಸಾಕ್ಷಿ ಹಾಕಿದವರಿಗೆ ಆ ವಿಲ್ಲಿನಿಂದ ಏನೂ ಬರೋ ಹಾಗಿಲ್ಲ. ಬರೆದರೂ ಆ ಪಾಲು ನಿಲ್ಲಲ್ಲ. ನಿಮಗೆ ಗೊತ್ತಿದೆ ಅಲ್ವಾ?"

"ಗೊತ್ತು" ಅಂದೆ.

ಗೊತ್ತಿರಲಿಲ್ಲ.

"ಈಗ ಬರೆದಿರೋದರಲ್ಲಿ ಹೇಗೂ ನಿಮಗೇನಿಲ್ಲ. ಹಾಗಾಗಿ ಕಾನೂನಿಗೆ ತೊಂದರೆ ಇಲ್ಲ. ಆದರೂ ಮುಂದೆ ತಂದೆಯವರು ಮನಸ್ಸು ಬದಲಾಯಿಸಿ ಏನಾದರೂ ಕೊಡಬೇಕು ಅಂದ್ಕೊಂಡರೆ ಸಹಿಗೆ ಮುಂಚೇನೇ ಹೇಳಬೇಕು. ಅದಕ್ಕೇ ಕೇಳಿದೆ." ಆಮೇಲೆ, "ಬೇರೆ ಯಾರಾದರೂ ಸಾಕ್ಷಿ ಸಿಕ್ತಾರಾ?" ಅಂದರು.

ನೋಡ್ತೀನಿ ಅಂದೆ. ಪಿಸುಮಾತಿನಲ್ಲೇ.

ಗುಡುಗಬೇಕು ಅಂತ ಪೆನ್ನು ತೆಗೆದುಕೊಂಡೆ. ಎಲೈ ವಿಧಿಯೇ ಅಂತ ಬರೆದು ಹೊಡೆದುಹಾಕಿದೆ. ವಿಧಿ ಏನು ಮಾಡಿದೆ ಇದರಲ್ಲಿ. ಮಾಡಿದವರು ಮೇಲಿನ ಕೋಣೆಯಲ್ಲಿ ಮಲಗಿ ಗಂಟೆ ಬಾರಿಸುತ್ತಿದ್ದಾರೆ. ಪ್ರೀತಿಯಿಂದಲೇ ಮಾಡಿದ್ದಾರೆ. ಅದೇ ಸುಸ್ತು.

ಮಾರ್ಚ್ ೧೬, ಶನಿವಾರ

ಮನೆಯ ಹಳೆಯ ಕಾಗದಪತ್ರ ಅಣ್ಣನ ಕಪಾಟಿನಲ್ಲಿತ್ತು. ವಕೀಲರಿಗೆ ಬೇಕು ಅಂತ ತರಲು ಹೋದೆ. ಅಣ್ಣ ಅಂಗಡಿಗೆ ಹೋಗಿದ್ದ. ಅತ್ತಿಗೆ ಕಾಫಿ ಕೊಟ್ಟು, "ಬನ್ನಿ, ನಿಮಗೆ ಒಂದು ತೋರಿಸ್ತೀನಿ" ಅಂತ ಕೈ ಹಿಡಿದು ಕರೆದುಕೊಂಡು ಹೋದರು.

ಹಿಂದುಗಡೆಯ ಕೋಣೆ. ಮಗನಿಗೆ ಅಂತ ಕೊಂಡ ಟ್ರೆಡ್‌ಮಿಲ್ಲು ಮಧ್ಯದಲ್ಲಿ ನಿಂತಿದೆ, ಅದರ ಮೇಲೆ ಒದ್ದೆ ಟವೆಲ್ಲುಗಳು ಒಣಗುತ್ತಿವೆ. ಒಂದು ಮಡಚುವ ಮಂಚ ಗೋಡೆಗೆ ಒರಗಿದೆ. ಸೂಟ್‌ಕೇಸುಗಳ ಗೋಪುರ. ಕಿಟಕಿ ತೆರೆದರೆ ಪಕ್ಕದ ಮನೆಯ ನೀರಿನ ಪಂಪು.

"ಇದನ್ನ ಆ ಮೂಲೆಗೆ ತಳ್ಳಿದರೆ ನಿಮಗೆ ಧಾರಾಳ ಆಗುತ್ತೆ ಅಲ್ವಾ? ಸೂಟ್‌ಕೇಸು ಮಂಚದ ಕೆಳಗೆ ನೂಕಬಹುದು."

"ಟವೆಲ್ಲು?" ಅಂದೆ.

"ಅವು ಒಣಗೋದು ಇಲ್ಲೇ. ಹೊರಗಡೆ ಬಿಸಿಲು ಬರಲ್ಲ ನೋಡಿ."

ಕೆಟ್ಟವರಲ್ಲ ಅತ್ತಿಗೆ. ಆ ಕೋಣೆಯನ್ನು ನನಗಾಗಿ ಯೋಚಿಸಿದ್ದಾರೆ, ಮನಸ್ಸಿನಲ್ಲೇ ಟ್ರೆಡ್‌ಮಿಲ್ಲನ್ನು ತಳ್ಳಿಯೂ ನೋಡಿದ್ದಾರೆ. ಇಷ್ಟಾದರೂ ಯಾರು ಮಾಡಿದ್ದಾರೆ. ಚೆನ್ನಾಗಿದೆ ಅಂದೆ.

ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಇಳಿಯುವ ನಿಲ್ದಾಣ ದಾಟಿಹೋಯಿತು, ಗೊತ್ತಾಗಲಿಲ್ಲ. ಕೊನೆಯ ನಿಲ್ದಾಣದವರೆಗೂ ಹೋಗಿ, ಅದೇ ಬಸ್ಸಿನಲ್ಲಿ ಕೂತುಕೊಂಡೇ ವಾಪಸ್ಸು ಬಂದೆ. ಅಪ್ಪ ಗಂಟೆ ಬಾರಿಸಿ ಬಾರಿಸಿ ಸಾಕಾಗಿ, ತಾವೇ ಎದ್ದು ನೀರು ಕುಡಿದಿದ್ದರು. ಲೋಟ ಮೇಜಿನ ಮೇಲಿತ್ತು. ತೊಳೆಯಲಿಲ್ಲ. ನಾಳೆ ತೊಳೆದರಾಯಿತು.

ಮಾರ್ಚ್ ೧೮, ಸೋಮವಾರ

ಒಂದು ತಂಡದವರು ಬಂದಿದ್ದರು. ಹೋದ ಸಲ ಸಿಂಹಾಸನದ ಕಾಲು ಮುರಿದು ತಂದು, ಬಣ್ಣ ಹಚ್ಚಿ ಮುಚ್ಚಿಟ್ಟವರು. ಈಗ ಅರಮನೆಯ ಪರದೆ ಬೇಕಂತೆ.

"ಕೊಡಲ್ಲ" ಅಂದೆ.

ತಂಡದ ನಾಯಕ ಹಿಂದೆ ಮುಂದೆ ನೋಡಿದ, ಬೇರೆ ಯಾರೋ ಮಾತಾಡಿದರು ಅಂದುಕೊಂಡಿರಬೇಕು. "ಯಜಮಾನರನ್ನ ಒಂದು ಮಾತು ಕೇಳಬಹುದಾ ಮೇಡಂ?"

"ಕೇಳಿ. ಆದರೆ ಪರದೆ ಇಳಿಸಿಕೊಡೋದು ನಾನು."

ಹೋದರು. ಬಿಸಿಲು ಹೆಚ್ಚಾಗಿದೆ, ಅದಕ್ಕೇ ನನಗೂ ಸಿಡಿಮಿಡಿ. ಆಮೇಲೆ ಅರಮನೆಯ ಪರದೆಯನ್ನು ಬಿಚ್ಚಿ ನೋಡಿದೆ. ಎಡಗಡೆಯ ಕಂಬದ ಬಣ್ಣ ಎದ್ದಿದೆ. ಸರಿಮಾಡಬೇಕು. ಯಾವುದಾದರೂ ಶಾಲೆಗೆ ಕೊಟ್ಟರೆ ಅವರು ಸರಿಮಾಡುತ್ತಾರೆಯೇ. ನೆಲ ಒರೆಸುತ್ತಾರೆ ಇದರಲ್ಲಿ.

ಮಾರ್ಚ್ ೨೦, ಬುಧವಾರ

ಅಂಗಡಿ ಮುಚ್ಚಿ ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗುತ್ತಿದೆ. ಯಾರೂ ಓದುವುದಿಲ್ಲವಲ್ಲ.

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಅಣ್ಣ, ತಮ್ಮ, ವಕೀಲರು, ಹಲ್ಲಿನ ಡಾಕ್ಟರು. ಅಪ್ಪ ಬಿಳಿ ಅಂಗಿ ಹಾಕಿಕೊಂಡಿದ್ದರು. ಹಲ್ಲಿನ ಡಾಕ್ಟರು ಬಂದವರೇ, "ಸಾರ್, ನಿಮ್ಮ ಬಾಯಲ್ಲಿ ಇನ್ನೆಷ್ಟು ಹಲ್ಲಿದೆ ಅನ್ನೋದಕ್ಕೂ ನಾನೇ ಸಾಕ್ಷಿ" ಅಂದರು. ಅಪ್ಪ ನಕ್ಕರು. ಮುಖ ಊದಿಕೊಂಡಿತ್ತು, ಉಸಿರು ಚಿಕ್ಕದಾಗಿತ್ತು, ಆದರೂ ಪೂರ್ತಿ ವಿಲ್ಲನ್ನು ತಾವೇ ಗಟ್ಟಿಯಾಗಿ ಓದುತ್ತೇನೆ ಅಂದರು. ಓದಿದರು. ಸರ್ವೇ ನಂಬರನ್ನು ಕೂಡ ಭಾವ ತುಂಬಿ ಓದಿದರು.

ವಕೀಲರು ಮೇಜಿನ ಮೇಲೆ ಕಾಗದ ಸರಿಮಾಡಿ, "ಸಾಕ್ಷಿಗಳಿಬ್ಬರೂ ಹತ್ತಿರ ಬನ್ನಿ. ಸರ್ ಸಹಿ ಹಾಕೋದನ್ನ ನೋಡಿ ನೀವೂ ಹಾಕಬೇಕು" ಅಂದರು.

ಹಲ್ಲಿನ ಡಾಕ್ಟರು ಹೋಗಿ ನಿಂತರು. ನಾನು ಹೋಗಲಿಲ್ಲ.

"ಬಾರಮ್ಮ" ಅಂದರು ಅಪ್ಪ.

"ನಾನು ಸಾಕ್ಷಿ ಹಾಕಲ್ಲ."

ಪಿಸುಮಾತೇ. ಆದರೆ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ, ಎಲ್ಲರಿಗೂ ಕೇಳಿಸಿತು.

"ಯಾಕೆ, ಪೆನ್ನಿಲ್ವಾ?"

"ಪೆನ್ನಿದೆ ಅಪ್ಪ. ಸಾಕ್ಷಿ ಹಾಕಿದರೆ ನನಗೆ ಈ ಮನೇಲಿ ಏನೂ ಬರಲ್ಲವಂತೆ. ನನಗೂ ಬೇಕು."

ಅಪ್ಪ ವಕೀಲರ ಕಡೆ ತಿರುಗಿದರು. "ಹೌದೇನ್ರೀ?"

"ಹೌದು ಸರ್. ಮೊದಲನೇ ದಿನವೇ ಹೇಳೋಕೆ ಹೊರಟಿದ್ದೆ. ನೀವು ಹೇಗೂ ಅವರಿಗೆ ಏನೂ ಬರೆಸಿರಲಿಲ್ಲ."

ಹಲ್ಲಿನ ಡಾಕ್ಟರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ತಮ್ಮ ಎದ್ದು ನಿಂತ. "ಅಕ್ಕ, ಎಲ್ಲ ಮಾತಾಡಿ ಆಗಿತ್ತಲ್ಲ. ಈಗ, ಸಹಿ ಹಾಕೋ ಹೊತ್ತಿಗೆ ಹೀಗೆ ಮಾಡಿದರೆ ಹೇಗೆ?"

ಅಣ್ಣ ಸಿಟ್ಟಾಗಲಿಲ್ಲ. ನಿಜವಾಗಲೂ ಅರ್ಥವಾಗದವನಂತೆ ಕೇಳಿದ. "ನೀನು ಯಾವತ್ತೂ ಬೇಕು ಅಂತ ಕೇಳಲೇ ಇಲ್ಲವಲ್ಲಮ್ಮ."

"ನೀವಿಬ್ಬರು ಕೇಳಿದಿರಾ?"

ಎಲ್ಲರೂ ಮಾತು ಮರೆತು ನಿಂತಾಗ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಇದ್ದದ್ದನ್ನು ಹೇಳಿಯಾಗಿತ್ತು.

ಅಪ್ಪನ ಮುಖ ಕೆಂಪಾಯಿತು. "ತಾಲೀಮಿನಲ್ಲಿ ಈ ಮಾತು ಇರಲಿಲ್ಲ" ಅಂದರು.

"ತಾಲೀಮಿನಲ್ಲಿ ನಾನೂ ಇರಲಿಲ್ಲ ಅಪ್ಪ."

ಪೆನ್ನು ಕೆಳಗಿಟ್ಟರು. ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದು, ಯಾರ ಹೆಗಲನ್ನೂ ಹಿಡಿಯದೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ವಕೀಲರು ಕಾಗದಗಳನ್ನು ಚೀಲಕ್ಕೆ ಹಾಕುತ್ತಾ ನನ್ನ ಹತ್ತಿರ ಬಂದು, "ಏನು ಬೇಕು ಅಂತ ಸ್ಪಷ್ಟವಾಗಿ ಯೋಚನೆ ಮಾಡಿಡಿ. ಶುಕ್ರವಾರದ ತನಕ ಟೈಮಿದೆ" ಅಂದರು. ತಮ್ಮ ಮೆಟ್ಟಿಲಿಳಿಯುವಾಗ ಹೆಜ್ಜೆ ಸದ್ದು ಮಾಡಿಕೊಂಡು ಹೋದ. ಟೀ ಮಾಡಿಕೊಟ್ಟಿರಲಿಲ್ಲ ಅಂತ ಎಲ್ಲರೂ ಹೋದ ಮೇಲೆ ನೆನಪಾಯಿತು.

ಮಾರ್ಚ್ ೨೧, ಗುರುವಾರ

ಇಡೀ ದಿನ ಗಂಟೆ ಬಾರಿಸಲಿಲ್ಲ. ಊಟ ಬಾಗಿಲ ಹತ್ತಿರ ಇಟ್ಟೆ, ತಟ್ಟೆ ಖಾಲಿಯಾಗಿ ಹೊರಗೆ ಬಂತು. ಆಪರೇಷನ್ನಿಗೆ ಮುಂಚೆ ಎದೆಗೆ ಆಘಾತವಾದರೆ ಯಾರ ಹೊಣೆ ಅಂತ ತಮ್ಮ ಫೋನು ಮಾಡಿ ಕೇಳಿದ. ಅದನ್ನೇ ನಾನೂ ಬೆಳಗ್ಗಿನಿಂದ ಕೇಳಿಕೊಳ್ಳುತ್ತಿದ್ದೆ. ಫೋನು ಇಟ್ಟುಬಿಟ್ಟೆ. ಹೋಗಿ, ಬಿಡಿ ಅಪ್ಪ, ಸಾಕ್ಷಿ ಹಾಕ್ತೀನಿ ಅಂತ ಹೇಳಿಬಿಡೋಣ ಅಂತ ಮೆಟ್ಟಿಲ ತನಕ ಹೋದೆ. ಮಂಡಿ ನೋವು. ಅಲ್ಲೇ ಕೂತೆ.

ಸಂಜೆ ಅವರೇ ಬಾಗಿಲು ತೆರೆದರು. ಮೆಟ್ಟಿಲ ಮೇಲೆ ನಿಂತು, ನಾಟಕದ ಗಂಟಲಲ್ಲದ ಗಂಟಲಲ್ಲಿ ಕೇಳಿದರು. ಆ ಗಂಟಲು ಅವರಿಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ, ತೆಳ್ಳಗೆ, ವಯಸ್ಸಾದ ಯಾರದ್ದೋ ಹಾಗಿತ್ತು.

"ಏನು ಬೇಕು ನಿನಗೆ?"

"ಅಂಗಡಿ. ಮೇಲೆ ಬೀದಿ ಕಡೆಯ ಎರಡು ಕೋಣೆ. ನನ್ನ ಹೆಸರಿಗೆ, ಬರೆದು. ನೋಡ್ಕೋತಾರೆ ಅನ್ನೋದು ಬೇಡ."

"ಅಣ್ಣ ತಮ್ಮ ನಿನ್ನನ್ನ ಬೀದಿಗೆ ಹಾಕ್ತಾರೆ ಅಂದ್ಕೊಂಡಿದ್ದೀಯಾ?"

"ಇಲ್ಲ ಅಪ್ಪ. ಟವೆಲ್ಲು ಒಣಗೋ ಕೋಣೇಲಿ ಇಡ್ತಾರೆ."

ಅದು ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಲಿಲ್ಲ. "ಕೆಳಗಿನ ಆ ಹಳೇ ಚಿಂದಿ ಮೇಲೆ ನಿನಗೆ ಇಷ್ಟು ಆಸೆ ಇದೆ ಅಂತ ನನಗೆ ಯಾರೂ ಹೇಳಲಿಲ್ಲ" ಅಂದರು. ಕೋಪದಲ್ಲಿ ಹೇಳಿದರೋ, ಬೇಜಾರಿನಲ್ಲೋ, ತಿಳಿಯಲಿಲ್ಲ. ವಕೀಲರ ನಂಬರು ಕೇಳಿದರು. ಕೊಟ್ಟೆ. ಅವರೇ ಒತ್ತಿಕೊಂಡರು, ಎರಡು ಸಲ ತಪ್ಪಿ.

ಮಾರ್ಚ್ ೨೨, ಶುಕ್ರವಾರ

ಸಹಿಯಾಯಿತು. ಅಂಗಡಿ ಮತ್ತು ಎರಡು ಕೋಣೆ ನನಗೆ. ಉಳಿದದ್ದು ಅಣ್ಣ ತಮ್ಮನಿಗೆ. ಎರಡನೆಯ ಸಾಕ್ಷಿ, ಮೂಲೆಯ ಇಸ್ತ್ರಿ ಅಂಗಡಿಯವರು. ಸಹಿ ಹಾಕಿ, "ಇಷ್ಟೇನಾ? ಇದಕ್ಕೆ ನಾನು ಬಿಸಿ ಇಸ್ತ್ರಿಪೆಟ್ಟಿಗೆ ಬಿಟ್ಟು ಬಂದೆ" ಅಂತ ಓಡಿದರು.

ಈ ಸಲ ಅಪ್ಪ ಗಟ್ಟಿಯಾಗಿ ಓದಲಿಲ್ಲ. ವಕೀಲರೇ ಓದಿದರು, ಕಂಸವಿಲ್ಲದೆ, ಕಣ್ಣೀರಿಲ್ಲದೆ. ತಮ್ಮ ಬರಲಿಲ್ಲ. ಅಣ್ಣ ಬಂದು ಮೂಲೆಯಲ್ಲಿ ಕೂತಿದ್ದ. ಹೋಗುವಾಗ, "ಅಂಗಡಿ ತೆರಿಗೆ ಯಾವಾಗ ಕಟ್ಟಬೇಕು ಅಂತ ಗೊತ್ತಾ ನಿನಗೆ?" ಅಂದ.

"ಇಷ್ಟು ವರ್ಷ ಯಾರು ಕಟ್ಟಿದ್ದು ಅಂದ್ಕೊಂಡಿದ್ದೀಯ?"

ತಲೆ ಕೆರೆದುಕೊಂಡ. "ಹೌದಲ್ಲ" ಅಂದ.

ಖುಷಿ ಇಲ್ಲ. ಹಗುರ ಅನ್ನುತ್ತಾರಲ್ಲ, ಅದೂ ಇಲ್ಲ. ತಮ್ಮನ ಮುಖವೇ ಕಣ್ಣ ಮುಂದೆ. ಅವನ ಮಕ್ಕಳಿಗೆ ಕಿರೀಟ ಹಾಕಿ ಕುಣಿಸಿದವಳು ನಾನು, ಇನ್ನು ಕಳಿಸುತ್ತಾನೋ ಇಲ್ಲವೋ.

ಮಾರ್ಚ್ ೨೪, ಭಾನುವಾರ

ಬೆಳಗ್ಗೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದೆವು. ನಾಳೆ ಆಪರೇಷನ್. ನರ್ಸು ತೋಳಿಗೆ ಪಟ್ಟಿ ಕಟ್ಟುವಾಗ ಅಪ್ಪ ಸುಮ್ಮನೆ ಕೈ ಚಾಚಿದರು, ಒಂದು ಸಂಭಾಷಣೆಯನ್ನೂ ಹೇಳಲಿಲ್ಲ. ನಾನು ಹೊರಡುವಾಗ ಮಾತ್ರ, "ಆ ಅರಮನೆ ಪರದೆ ಎಡಗಡೆ ಕಂಬ ಬಣ್ಣ ಬಿಟ್ಟಿದೆ. ಸುಣ್ಣ ಹಚ್ಚಿಬಿಡಬೇಡ, ಎಣ್ಣೆ ಬಣ್ಣ ಹಚ್ಚು" ಅಂದರು. ಗೊತ್ತು ಅಂದೆ. ಗೊತ್ತಿದ್ದರೂ ಕೇಳ್ಕೋ ಅಂದರು.

ರಾತ್ರಿ ಯಾರಿರಬೇಕು ಅನ್ನುವ ಮಾತು ಬಂತು. ನಾನು ಚೀಲ ತೆಗೆದುಕೊಂಡೇ ಬಂದಿದ್ದೆ. ಅಣ್ಣ ಅದನ್ನು ನನ್ನ ಕೈಯಿಂದ ಇಸಿದುಕೊಂಡು, "ನಾನಿರ್ತೀನಿ, ಹೋಗು" ಅಂದ. ಮಾತ್ರೆ, ಕನ್ನಡಕ, ಕಿವಿಯ ಮೆಷಿನ್ನು, ಎಲ್ಲ ಹೇಳಲು ಹೊರಟೆ. ಹೋಗು ಹೋಗು ಅಂದ.

ಮನೆಗೆ ಬಂದು ಅಂಗಡಿಯ ಷಟರು ಅರ್ಧ ಎಳೆದು, ಮಡಿಸಿಟ್ಟ ಪರದೆಗಳ ಮೇಲೆ ಒಂದು ಗಳಿಗೆ ಒರಗಿದೆ. ಎದ್ದಾಗ ಬಿಸಿಲು ಹೋಗಿತ್ತು. ಫೋನಿನಲ್ಲಿ ಅಣ್ಣನ ಕರೆಗಳು ಸಾಲಾಗಿ ನಿಂತಿದ್ದವು. ತಕ್ಷಣ ತಿರುಗಿ ಮಾಡಿದೆ.

"ಏನಾಯ್ತು ಅಣ್ಣ?"

"ಏನಿಲ್ಲ. ಅಪ್ಪ ನಿನ್ನನ್ನ ಕೇಳ್ತಿದ್ದರು. ಕೆಂಪು ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ ಅಂತ ನನಗೆ ಗೊತ್ತಾಗಲಿಲ್ಲ, ಅದಕ್ಕೇ ಫೋನು ಮಾಡಿದೆ."

"ಅಯ್ಯೋ, ಮುಂಚೆ. ಆಮೇಲೆ ಕೊಟ್ಯಾ?"

"ಇಲ್ಲ ಬಿಡು, ನರ್ಸನ್ನ ಕೇಳಿದೆ. ಹೇಳಿದರು."

ನರ್ಸನ್ನು ಕೇಳಿದನಂತೆ. ಹೇಳಿದರಂತೆ.

ಇನ್ನೂ ನಿದ್ದೆ ಬಾಕಿ ಇದೆ. ಷಟರು ಪೂರ್ತಿ ಎಳೆದು ಮಲಗುತ್ತೇನೆ.